‘ಯಾವ ಪೈಕಿ?’ ಎಂದು ಕೇಳಿದರೆ





ಸೀಟು ಹಂಚಿಕೆ ಮುಗಿದು ಮಕ್ಕಳು ಹಾಸ್ಟೆಲ್‌ಗೆ ಹೊರಡುವ ಕಾಲ ಇದು. ನಮ್ಮ ಅಧ್ಯಯನ ಬಳಗದಲ್ಲೇ ನಾಲ್ಕು ಮನೆಗಳಲ್ಲಿ ಈ ವಾರ ಟ್ರಂಕು, ಬಕೆಟ್ಟು, ಹಾಸಿಗೆ, ಬೀಗದ ಖರೀದಿ ನಡೆದಿದೆ. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಸರಿಯಾಗಿದೆಯೇ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಯಾವಾಗ ಹಾಕಬೇಕು ಎಂದು ಪೋಷಕರು ಪರಸ್ಪರ ಕೇಳುತ್ತಿದ್ದಾರೆ. ಎಲ್ಲ ದಾಖಲೆಗಳ ಐದೈದು ಜೆರಾಕ್ಸ್ ಪ್ರತಿ, ಒಂದು ಡಬ್ಬಿ ಚಟ್ನಿಪುಡಿ. ಇವೆಲ್ಲಕ್ಕೂ ಪಟ್ಟಿ ಇದೆ. ಒಂದು ವಿಷಯ ಮಾತ್ರ ಯಾರ ಪಟ್ಟಿಯಲ್ಲೂ ಕಾಣುವುದಿಲ್ಲ. ಅದನ್ನೇ ಇಂದಿನ ಚಿಂತನೆಗೆ ಎತ್ತಿಕೊಂಡಿದ್ದೇನೆ.

ನನ್ನ ಮಗಳಿಗೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಕೊಳ್ಳೇಗಾಲದಿಂದ ಮೈಸೂರು, ಅಲ್ಲಿಂದ ಒಂದು ರಾತ್ರಿಯ ರೈಲು. ಮೊನ್ನೆ ಬಟ್ಟೆ ಮಡಚುತ್ತಾ ಕೇಳಿದಳು: “ಅಮ್ಮ, ರೂಮಲ್ಲಿ ಜಾತಿ ಕೇಳಿದ್ರೆ ಏನು ಹೇಳಲಿ?” ನಮ್ಮ ಕಡೆ ‘ಯಾವ ಜನ’ ಎಂದು ಕೇಳುತ್ತಾರೆ. ಆ ಕಡೆ ‘ಯಾವ ಪೈಕಿ’ ಎನ್ನುತ್ತಾರಂತೆ. ಮಾತು ಬೇರೆಯಾದರೂ ಕೇಳುವುದು ಒಂದನ್ನೇ.

ಮನೆಯಲ್ಲಿ ಎರಡು ಉತ್ತರಗಳು ಬಂದವು. ನಮ್ಮ ಅತ್ತೆ, “ಯೋಳ್ಬ್ಯಾಡ ಕಣವ್ವ. ಕೇಳುದ್ರೂ ಕೇಳ್ದಂಗಿರು. ನಾಕು ವರ್ಸ ತಲ ಬಗ್ಗಿಸ್ಕಂಡು ಓದ್ಬುಟ್ಟು ಬಂದ್ಬುಡು” ಎಂದರು. ನನ್ನ ತಮ್ಮ, “ಯಾಕೆ ಹೇಳ್ಬಾರ್ದು? ರೂಮಿನ ಬಾಗಿಲಿಗೇ ಬಾಬಾಸಾಹೇಬರ ಫೋಟೊ ಅಂಟಿಸು. ಕೇಳೋ ಧೈರ್ಯ ಯಾರಿಗಿದೆ ನೋಡೋಣ” ಎಂದ.

ಎರಡನ್ನೂ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಅತ್ತೆಯವರದ್ದು ಹೇಡಿತನವಲ್ಲ. ಹೋಟೆಲಿನ ಹೊರಗೆ ನಿಂತು ಬೇರೆ ಲೋಟದಲ್ಲಿ ಟೀ ಕುಡಿದು, ಆ ಲೋಟವನ್ನು ತಾವೇ ತೊಳೆದಿಟ್ಟು ಬಂದವರು ಅವರು. ಗುರುತು ಹೇಳಿದ ಮೇಲೆ ಏನಾಗುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. ತಮ್ಮನದ್ದು ಹುಂಬತನವೂ ಅಲ್ಲ. ತಲೆ ಎತ್ತಿ ನಡೆಯುವುದನ್ನು ಈ ಸಮುದಾಯ ಕಷ್ಟಪಟ್ಟು ಕಲಿತಿದೆ, ಅದನ್ನು ಕಳೆದುಕೊಳ್ಳಬಾರದು ಎಂಬ ಹಟ ಅವನದು. ಆದರೆ ಎರಡು ಉತ್ತರಗಳಲ್ಲೂ ಒಂದು ಕೊರತೆ ಇದೆ. ಎರಡೂ ನಮ್ಮ ಉತ್ತರಗಳು. ಹಾಸ್ಟೆಲ್ಲಿನ ಆ ಕೋಣೆಯಲ್ಲಿ ಇರುವವಳು ಮಗಳು. ಹದಿನೆಂಟು ವರ್ಷದ ಹುಡುಗಿಯ ಟ್ರಂಕಿನಲ್ಲಿ ನಮ್ಮ ಭಯವನ್ನೋ ನಮ್ಮ ಸಿಟ್ಟನ್ನೋ ತುಂಬಿ ಕಳಿಸುವುದು ಸರಿಯೇ?

ಇಲ್ಲಿ ಧಮ್ಮದ ಪ್ರಶ್ನೆಯೂ ಇದೆ. ಪಂಚಶೀಲದ ನಾಲ್ಕನೆಯ ಶೀಲ ಸುಳ್ಳಿನಿಂದ ದೂರವಿರುವುದು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲೂ ಸುಳ್ಳಾಡುವುದಿಲ್ಲ ಎಂಬುದು ಸೇರಿದೆ. ಹಾಗಾದರೆ ಜಾತಿ ಹೇಳದೆ ಸುಮ್ಮನಿರುವುದು ಸುಳ್ಳೇ? ಬೇರೆ ಜಾತಿಯ ಹೆಸರು ಹೇಳಿದರೆ? ಕೇಳಿದವರಿಗೆಲ್ಲ ನಿಜ ಹೇಳುವುದು ನಮ್ಮ ಕರ್ತವ್ಯವೇ? ಶೀಲವನ್ನು ಪಾಲಿಸಿ ಎಂದು ಮಕ್ಕಳಿಗೆ ಹೇಳುವ ನಾವು ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡಿರಬೇಕು.

ಈ ಪ್ರಶ್ನೆಯನ್ನು ಭಗವಾನ್ ಬುದ್ಧರಿಗೂ ಕೇಳಿದ್ದರು. ಸಂಯುತ್ತ ನಿಕಾಯದಲ್ಲೂ ಸುತ್ತನಿಪಾತದಲ್ಲೂ ಆ ಪ್ರಸಂಗ ಬರುತ್ತದೆ. ಕೋಸಲ ದೇಶದ ಸುಂದರಿಕಾ ನದಿಯ ದಡ. ಭಾರದ್ವಾಜನೆಂಬ ಬ್ರಾಹ್ಮಣ ಅಗ್ನಿಗೆ ಆಹುತಿ ಕೊಟ್ಟು, ಉಳಿದದ್ದನ್ನು ಯಾರಿಗೆ ಕೊಡಲಿ ಎಂದು ಸುತ್ತ ನೋಡಿದ. ಮರದ ಕೆಳಗೆ ತಲೆಗೆ ಬಟ್ಟೆ ಹೊದ್ದು ಕುಳಿತವರೊಬ್ಬರು ಕಂಡರು. ಹತ್ತಿರ ಹೋದಾಗ ಅವರು ಬಟ್ಟೆ ಸರಿಸಿದರು. ಬೋಳು ತಲೆ ಕಂಡು ಹಿಂದೆ ಸರಿಯಲು ಹೊರಟ. ಬ್ರಾಹ್ಮಣರಲ್ಲೂ ತಲೆ ಬೋಳಿಸಿಕೊಂಡವರು ಇರುತ್ತಾರಲ್ಲ, ಕೇಳಿಯೇ ನೋಡೋಣ ಎಂದು, ನಿಮ್ಮದು ಯಾವ ಹುಟ್ಟು ಎಂದು ಕೇಳಿದ. ಕೊಡುವ ಅನ್ನ ಕೈಯಲ್ಲಿದೆ, ಆದರೆ ಕೊಡುವ ಮೊದಲು ಜಾತಿ ತಿಳಿಯಬೇಕು. ಇಪ್ಪತ್ತೈದು ಶತಮಾನ ಕಳೆದರೂ ಈ ದೃಶ್ಯ ನಮಗೆ ಹಳೆಯದು ಅನ್ನಿಸುವುದಿಲ್ಲ.

ಬುದ್ಧರು ಏನು ಮಾಡಿದರು? ತಾವು ಶಾಕ್ಯ ರಾಜಕುಲದವರು ಎಂದು ಹೇಳಿಕೊಳ್ಳಬಹುದಿತ್ತು. ಅದು ನಿಜವೂ ಆಗಿತ್ತು, ಗೌರವವನ್ನೂ ತರುತ್ತಿತ್ತು. ಅವರು ಹಾಗೆ ಹೇಳಲಿಲ್ಲ. ಸುಳ್ಳನ್ನೂ ಹೇಳಲಿಲ್ಲ. ಹುಟ್ಟನ್ನು ಕೇಳಬೇಡ, ನಡತೆಯನ್ನು ಕೇಳು ಎಂದರು. ಬೆಂಕಿ ಯಾವ ಕಟ್ಟಿಗೆಯಿಂದಲೂ ಹುಟ್ಟುತ್ತದೆ ಎಂದು ಅವನದೇ ಯಜ್ಞದ ಉದಾಹರಣೆ ಕೊಟ್ಟರು. ಅಂದರೆ, ಪ್ರಶ್ನೆಯೇ ತಪ್ಪಾಗಿದ್ದಾಗ ಅದಕ್ಕೆ ಉತ್ತರ ಕೊಡಲೇಬೇಕೆಂಬ ಕಟ್ಟು ಇಲ್ಲ. ಪ್ರಶ್ನೆಯನ್ನೇ ತಿದ್ದಬಹುದು.

ಅಂಗುತ್ತರ ನಿಕಾಯದಲ್ಲಿ ಇದನ್ನು ಇನ್ನೂ ಸ್ಪಷ್ಟವಾಗಿ ವಿಂಗಡಿಸಿದ್ದಾರೆ. ಪ್ರಶ್ನೆಗಳು ನಾಲ್ಕು ಬಗೆ. ನೇರವಾಗಿ ಉತ್ತರಿಸಬೇಕಾದವು ಕೆಲವು. ಬಿಡಿಸಿ ವಿಂಗಡಿಸಿ ಉತ್ತರಿಸಬೇಕಾದವು ಕೆಲವು. ಮರುಪ್ರಶ್ನೆ ಹಾಕಿ ಉತ್ತರಿಸಬೇಕಾದವು ಕೆಲವು. ಬದಿಗೆ ಇಟ್ಟುಬಿಡಬೇಕಾದವು ಕೆಲವು. ಯಾವುದು ಯಾವ ಬಗೆಯದು ಎಂದು ತಿಳಿಯುವುದೇ ಜಾಣತನ. ಜಾತಿಯ ಪ್ರಶ್ನೆ ನೋಡಲು ಒಂದೇ ಥರ ಕಂಡರೂ ಕೇಳುವವರನ್ನು ನೋಡಿ, ಕೇಳುವ ಉದ್ದೇಶವನ್ನು ನೋಡಿ ಈ ನಾಲ್ಕೂ ಬಗೆಗೆ ಸೇರುತ್ತದೆ ಎಂದು ನನಗೆ ಅನ್ನಿಸಿದೆ. ಮಗಳ ಜೊತೆ ಕುಳಿತು ನಾಲ್ಕನ್ನೂ ಮಾತಾಡಿಕೊಂಡೆ.

ಮೊದಲನೆಯದು, ನೇರ ಉತ್ತರ. ಕಾಲೇಜಿನ ಕಚೇರಿ, ವಿದ್ಯಾರ್ಥಿವೇತನದ ಅರ್ಜಿ, ಹಾಸ್ಟೆಲ್ ಪ್ರವೇಶ ಕೇಳುವ ಪ್ರಶ್ನೆ ಇದು. ಇಲ್ಲಿ ಕೇಳುವುದು ನಮ್ಮ ಹಕ್ಕನ್ನು ನಮಗೆ ಕೊಡುವುದಕ್ಕಾಗಿ. ಹಾಗಾಗಿ ಅಳುಕದೆ, ಪ್ರಮಾಣಪತ್ರದಲ್ಲಿ ಇರುವಂತೆ ಬರೆಯಬೇಕು. ಧರ್ಮದ ಕಾಲಂನಲ್ಲಿ ಬೌದ್ಧ ಎಂದು ಬರೆದರೆ ಮೀಸಲಾತಿ ಹೋಗುತ್ತದೆ ಎಂಬ ಭಯ ಈಗಲೂ ಕೆಲವರಲ್ಲಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶಕ್ಕೆ 1990ರಲ್ಲಿ ತಿದ್ದುಪಡಿ ಆಗಿ ಹಿಂದೂ, ಸಿಖ್ಖರ ಜೊತೆಗೆ ಬೌದ್ಧರೂ ಅದರಲ್ಲಿ ಸೇರಿದ್ದಾರೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಡಿ. ಕೌಂಟರಿನ ಗುಮಾಸ್ತರು ತಕರಾರು ತೆಗೆದಾಗ ಮಗು ತಬ್ಬಿಬ್ಬಾಗಬಾರದು.

ಆದರೆ ಕಚೇರಿಯ ಪ್ರಶ್ನೆಯೂ ಜಾಗ ತಪ್ಪಿದರೆ ಗಾಯವಾಗುತ್ತದೆ. ನಾನು ಶಾಲೆಯಲ್ಲಿ ಓದುವಾಗ ವಿದ್ಯಾರ್ಥಿವೇತನದ ಪಟ್ಟಿ ಮಾಡಲು ತರಗತಿಯಲ್ಲೇ ನಮ್ಮನ್ನು ಎದ್ದು ನಿಲ್ಲಿಸುತ್ತಿದ್ದರು. ಮಿಕ್ಕ ಮಕ್ಕಳು ಕುಳಿತು ನೋಡುತ್ತಿದ್ದರು. ಅಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಪಟ್ಟಿ ನಿಜವೇ, ಸಿಗುತ್ತಿದ್ದ ಹಣವೂ ನಮ್ಮದೇ. ಆದರೂ ಫೈಲಿನಲ್ಲಿ ಹಕ್ಕಾಗಿದ್ದ ಸಂಗತಿ ತರಗತಿಯಲ್ಲಿ ಶಿಕ್ಷೆಯಾಯಿತು. ಈಗ ಶಿಕ್ಷಕಿಯಾಗಿ ನಾನು ಆ ಪಟ್ಟಿಯನ್ನು ದಾಖಲಾತಿ ಪುಸ್ತಕ ನೋಡಿ ಮಾಡುತ್ತೇನೆ. ಸಂಶಯವಿದ್ದರೆ ಪೋಷಕರಿಗೆ ಫೋನ್ ಮಾಡುತ್ತೇನೆ. ಸಮ್ಮಾ ವಾಚಾ ಎಂದರೆ ನಿಜ ನುಡಿಯುವುದಷ್ಟೇ ಅಲ್ಲ. ಆ ನಿಜದಿಂದ ಹಿತವಾಗುತ್ತದೆಯೇ, ಅದನ್ನು ಹೇಳುವ ಹೊತ್ತು ಇದೇನಾ ಎಂದೂ ಬುದ್ಧರು ನೋಡುತ್ತಿದ್ದರು ಎಂದು ಅಭಯ ರಾಜಕುಮಾರ ಸುತ್ತದಲ್ಲಿದೆ.

ಎರಡನೆಯದು, ಬಿಡಿಸಿ ಹೇಳುವ ಉತ್ತರ. ಕೋಣೆಯ ಗೆಳತಿಯೊಬ್ಬಳು ಹತ್ತಿರವಾದ ಮೇಲೆ ನಿಮ್ಮ ಮನೆಯಲ್ಲಿ ಯಾವ ಹಬ್ಬ ಮಾಡುತ್ತೀರಿ, ನೀವು ಪೂಜೆ ಯಾಕೆ ಮಾಡುವುದಿಲ್ಲ, ಗೋಡೆಯಲ್ಲಿ ಈ ಫೋಟೊ ಯಾಕೆ ಎಂದು ಕೇಳಬಹುದು. ಕೇಳುವವಳ ಮನಸ್ಸಿನಲ್ಲಿ ಅಳತೆಗೋಲು ಇಲ್ಲದಿದ್ದರೆ ಅವಳಿಗೆ ಬಿಡಿಸಿ ಹೇಳಬಹುದು. ಹುಟ್ಟಿದ್ದು ಈ ಸಮುದಾಯದಲ್ಲಿ. ಆ ಹುಟ್ಟನ್ನು ಕೀಳು ಎಂದ ವ್ಯವಸ್ಥೆಯನ್ನು ನಮ್ಮ ಹಿರಿಯರು ಬಿಟ್ಟು ಬಂದರು. ಈಗ ನಾವು ಬೌದ್ಧರು. ಇದರಲ್ಲಿ ಒಂದನ್ನೇ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಜಾತಿ ಮಾತ್ರ ಹೇಳಿದರೆ ನಾವು ಬಿಟ್ಟು ಬಂದ ಕಥೆ ಉಳಿದುಹೋಗುತ್ತದೆ. ಬೌದ್ಧರು ಎಂದು ಮಾತ್ರ ಹೇಳಿದರೆ ಏನನ್ನು ದಾಟಿ ಬಂದೆವು ಎಂಬುದು ಮರೆಯಾಗುತ್ತದೆ. ಎರಡನ್ನೂ ಕೇಳಿಸಿಕೊಳ್ಳುವ ತಾಳ್ಮೆ ಇರುವವರಿಗೆ ಎರಡನ್ನೂ ಹೇಳಲಿ.

ಮೂರನೆಯದು, ಮರುಪ್ರಶ್ನೆ. ವೃತ್ತಿ ಕಾಲೇಜುಗಳಲ್ಲಿ ಈ ಪ್ರಶ್ನೆ ವೇಷ ಹಾಕಿಕೊಂಡು ಬರುತ್ತದೆ. ‘ನಿಂದು ಸಿಇಟಿ ರ‍್ಯಾಂಕ್ ಎಷ್ಟು?’ ಎಂದು ಕೇಳುತ್ತಾರೆ. ಕೆಲವೊಮ್ಮೆ ಅದು ಬರೀ ಕುತೂಹಲ. ಎಷ್ಟೋ ಸಲ ಅದು ‘ಯಾವ ಪೈಕಿ’ ಎಂಬುದರ ಇನ್ನೊಂದು ರೂಪ. ಊಟದ ಡಬ್ಬಿ ನೋಡಿ ‘ನೀವು ನಾನ್‌ವೆಜ್ಜಾ?’ ಎನ್ನುವುದೂ ಅದೇ ಆಗಿರಬಹುದು. ಅಲ್ಲಿ ಶಾಂತವಾಗಿ ಕೇಳಬಹುದು: “ಅದು ಗೊತ್ತಾದ್ರೆ ನಿಮಗೆ ಏನು ಅನುಕೂಲ?” ಜಗಳದ ಧ್ವನಿ ಬೇಡ. ಕೇಳಿದವರು ತಮ್ಮ ಪ್ರಶ್ನೆಯನ್ನು ತಾವೇ ಒಮ್ಮೆ ನೋಡಿಕೊಳ್ಳಲಿ ಎಂಬಷ್ಟೇ ಉದ್ದೇಶ. ಒಳ್ಳೆಯ ಮನಸ್ಸಿನವರಾದರೆ ನಾಚಿಕೊಳ್ಳುತ್ತಾರೆ, ಸ್ನೇಹ ಅಲ್ಲಿಂದಲೇ ಶುರುವಾಗಬಹುದು. ಅಲ್ಲದಿದ್ದರೆ ಯಾರ ಜೊತೆ ಎಷ್ಟು ದೂರ ಇರಬೇಕು ಎಂಬುದು ತಿಳಿಯುತ್ತದೆ.

ನಾಲ್ಕನೆಯದು, ಬದಿಗಿಡುವುದು. ಕುಗ್ಗಿಸಲೆಂದೇ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಿಲ್ಲ. ಎದ್ದು ಬಂದುಬಿಡಬಹುದು. ಆದರೆ ಬದಿಗಿಡುವುದು ಎಂದರೆ ನುಂಗಿಕೊಳ್ಳುವುದು ಎಂದಲ್ಲ. ಪ್ರಶ್ನೆಯನ್ನು ಬದಿಗಿಡಬೇಕು, ಅವಮಾನವನ್ನು ಸಂಬಂಧಪಟ್ಟವರ ಮುಂದಿಡಬೇಕು. ಕಾಲೇಜುಗಳಲ್ಲಿ ಸಮಾನ ಅವಕಾಶ ಕೋಶ, ತಾರತಮ್ಯ ತಡೆ ಅಧಿಕಾರಿ ಇರಬೇಕೆಂದು ಯುಜಿಸಿ 2012ರ ನಿಯಮಗಳಲ್ಲೇ ಹೇಳಿತು. ರ‍್ಯಾಗಿಂಗ್ ತಡೆಗೆ ರಾಷ್ಟ್ರೀಯ ಸಹಾಯವಾಣಿ 1800-180-5522 ಇದೆ. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಹೊರಡುವ ಮೊದಲೇ ಕಾಲೇಜಿನ ಆ ಅಧಿಕಾರಿ ಯಾರೆಂದು ವಿಚಾರಿಸಿ, ಸಹಾಯವಾಣಿಯ ಸಂಖ್ಯೆಯನ್ನು ಮಗುವಿನ ಫೋನಿನಲ್ಲಿ ಉಳಿಸಿಕೊಡಿ. ದಿನಾಂಕ, ಸಮಯ, ಆಡಿದ ಮಾತು ಇವನ್ನು ಅವತ್ತೇ ಬರೆದಿಟ್ಟುಕೊಳ್ಳಲು ಹೇಳಿ.

ಹಾಗಾದರೆ ಬೇರೆ ಜಾತಿಯ ಹೆಸರು ಹೇಳಿ ಪಾರಾಗುವುದು? ಈ ನಾಲ್ಕರಲ್ಲಿ ಅದಕ್ಕೆ ಜಾಗವಿಲ್ಲ. ಆದರೆ ಅದನ್ನು ಮಾಡಿದವರ ಮೇಲೆ ಬೆರಳು ತೋರಿಸುವ ಮೊದಲು ಬಾಬಾಸಾಹೇಬರ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಪುಟ್ಟ ಆತ್ಮಕಥನವನ್ನು ನೆನೆಯಬೇಕು. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಿಂದ ಅಮೆರಿಕಕ್ಕೆ ಹೋಗಿ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಲಂಡನ್‌ನಲ್ಲಿ ಓದಿ, 1917ರಲ್ಲಿ ಅವರು ಬರೋಡಾದ ಕೆಲಸಕ್ಕೆ ಬಂದರು. ಊರಲ್ಲಿ ತಂಗಲು ಒಂದು ಕೋಣೆ ಸಿಗಲಿಲ್ಲ. ಕೊನೆಗೆ ಒಂದು ಪಾರ್ಸಿ ವಸತಿಗೃಹದ ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಮೆಟ್ಟಿಲೇರಿ ಬಂತು. ಅಂದೇ ಸಂಜೆಯೊಳಗೆ ಜಾಗ ಬಿಡಬೇಕಾಯಿತು. ಇಬ್ಬರು ಸ್ನೇಹಿತರನ್ನು ಕೇಳಿದರು, ಇಬ್ಬರಲ್ಲೂ ಆಸರೆ ಸಿಗಲಿಲ್ಲ. ಒಂದು ಉದ್ಯಾನದಲ್ಲಿ ಗಂಟೆಗಟ್ಟಲೆ ಕುಳಿತು, ರಾತ್ರಿಯ ರೈಲಿಗೆ ಬೊಂಬಾಯಿಗೆ ಹೊರಟರು.

ಈ ಪ್ರಸಂಗದಿಂದ ನಾನು ಎರಡು ಮಾತು ಕಲಿತಿದ್ದೇನೆ. ಒಂದು, ಆ ಹೆಸರಿನ ಹೊಣೆ ಅದನ್ನು ಬರೆಸಿದವರ ಮೇಲಲ್ಲ, ನಿಜವಾದ ಹೆಸರಿಗೆ ಬಾಗಿಲು ಮುಚ್ಚಿದ ಊರಿನ ಮೇಲಿದೆ. ತಲೆಯ ಮೇಲೆ ಸೂರಿಗಾಗಿ ಇಂದಿಗೂ ಬಾಡಿಗೆ ಮನೆಯಲ್ಲಿ ಸುಳ್ಳು ಹೇಳಬೇಕಾಗಿ ಬರುವ ನಮ್ಮವರನ್ನು ಶೀಲದ ಹೆಸರಿನಲ್ಲಿ ಯಾರೂ ಹಳಿಯಬಾರದು. ಎರಡು, ಮರೆಮಾಚಿದ ಗುರುತು ನೆಮ್ಮದಿ ಕೊಡಲಿಲ್ಲ. ಆ ಒಂಟಿ ದಿನಗಳನ್ನು ಅವರು ಎಷ್ಟು ಸಂಕಟದಿಂದ ಬರೆದಿದ್ದಾರೆ ಎಂಬುದನ್ನು ಓದಿದವರು ಬಲ್ಲರು. ಸುಮ್ಮನಿದ್ದವಳು ಮುಂದೆ ಎಂದಾದರೂ ಮಾತಾಡಬಹುದು. ಸುಳ್ಳು ಹೇಳಿದವಳು ನಾಲ್ಕು ವರ್ಷ ಅದಕ್ಕೆ ಕಾವಲು ಕೂರಬೇಕು. ಊರಿಂದ ಅಜ್ಜಿ ನೋಡಲು ಬಂದರೆ ಗೇಟಿನಲ್ಲೇ ಮಾತಾಡಿಸಿ ಕಳಿಸುವಂತಾಗುತ್ತದೆ. ಶೀಲ ಹೊರೆಯಲ್ಲ, ಆ ಕಾವಲಿನಿಂದ ನಮ್ಮನ್ನು ಬಿಡಿಸುವ ದಾರಿ.

ಇಷ್ಟು ಹೇಳಿದ ಮೇಲೆ ಮಾತು ನಮ್ಮ ಕಡೆಗೆ ತಿರುಗುತ್ತದೆ. ಹಾಸ್ಟೆಲ್ ಸೇರಿದ ಮಗು ಹೇಳುವ ಮೊದಲ ಸುಳ್ಳು ರೂಮಿನವರಿಗೆ ಹೇಳುವ ಸುಳ್ಳಲ್ಲ. ಅದು ಮನೆಗೆ ಹೇಳುವ ಸುಳ್ಳು. “ಚೆನ್ನಾಗಿದ್ದೀನಿ ಅಮ್ಮ.” “ಊಟ ಆಯ್ತು.” “ಎಲ್ಲಾ ಸರಿ ಇದೆ.” ಯಾಕೆ ಹೇಳುತ್ತದೆ? ಅಪ್ಪ ಸಾಲ ಮಾಡಿದ್ದಾನೆ, ಅಮ್ಮ ಒಡವೆ ಅಡವಿಟ್ಟಿದ್ದಾಳೆ, ಕೇರಿಯವರೆಲ್ಲ ಬಸ್ ಹತ್ತಿಸಲು ಬಂದಿದ್ದಾರೆ. ‘ನಮ್ಮ ಬೀದಿಯ ಮೊದಲ ಇಂಜಿನಿಯರ್’ ಎಂದು ಬ್ಯಾನರ್ ಕಟ್ಟಿದ್ದೇವೆ. ಅಷ್ಟು ಜನರ ಆಸೆ ಹೊತ್ತ ಮಗು, ‘ನನಗೆ ಇಲ್ಲಿ ಆಗುತ್ತಿಲ್ಲ’ ಎಂದು ಹೇಗೆ ಹೇಳೀತು?

2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲ ಅವರನ್ನು ಕಳೆದುಕೊಂಡೆವು. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಡಾ. ಪಾಯಲ್ ತಡ್ವಿ ಅವರನ್ನು ಕಳೆದುಕೊಂಡೆವು. ಮಕ್ಕಳನ್ನು ದೂರ ಕಳಿಸುವ ದಲಿತ, ಆದಿವಾಸಿ ತಾಯಿ ತಂದೆಯರ ಎದೆಯಲ್ಲಿ ಈ ಹೆಸರುಗಳು ಇದ್ದೇ ಇರುತ್ತವೆ. ಆ ಸಾವುಗಳಿಗೆ ಸಂಸ್ಥೆಗಳು, ಸಮಾಜ ಉತ್ತರ ಹೇಳಬೇಕು. ಆ ಹೋರಾಟ ನಿಲ್ಲಬಾರದು. ಅದರ ಜೊತೆಗೆ ಮನೆಯವರಾಗಿ ನಮ್ಮ ಕೈಯಲ್ಲಿರುವುದು ಒಂದಿದೆ. ಮಗು ನಿಜ ಹೇಳಬಹುದಾದ ಜಾಗವಾಗಿ ನಮ್ಮ ಮನೆಯನ್ನು ಇಟ್ಟುಕೊಳ್ಳುವುದು.

ಮಜ್ಝಿಮ ನಿಕಾಯದಲ್ಲಿ ಬುದ್ಧರು ಎಳೆಯ ರಾಹುಲನಿಗೆ ಬೋಧಿಸುವ ಸುತ್ತವೊಂದಿದೆ. ಕಾಲು ತೊಳೆದ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ತೋರಿಸಿ, ಚೆಲ್ಲಿ, ಪಾತ್ರೆಯನ್ನು ಮಗುಚಿ, ತಿಳಿದೂ ಸುಳ್ಳಾಡಿ ನಾಚದವನ ಬಾಳು ಹೀಗೆ ಬರಿದಾಗುತ್ತದೆ ಎಂದು ಹೇಳುತ್ತಾರೆ. ಆಮೇಲೆ ಕನ್ನಡಿ ಯಾಕಿರುವುದು ಎಂದು ಕೇಳುತ್ತಾರೆ. ನೋಡಿಕೊಳ್ಳಲು ಎನ್ನುತ್ತಾನೆ ರಾಹುಲ. ಹಾಗೆಯೇ ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಇದರಿಂದ ನನಗಾಗಲಿ ಇತರರಿಗಾಗಲಿ ಕೇಡಾಗುತ್ತದೆಯೇ ಎಂದು ನೋಡಿಕೊಳ್ಳಬೇಕು ಎನ್ನುತ್ತಾರೆ. ಗಮನಿಸಿ, ಮಗನಿಗೆ ಕೊಟ್ಟದ್ದು ಉತ್ತರಗಳ ಪಟ್ಟಿಯನ್ನಲ್ಲ, ಕನ್ನಡಿಯನ್ನು. ಇನ್ನೂ ಒಂದು ಮಾತಿದೆ. ತಪ್ಪಾಗಿದ್ದರೆ ಅದನ್ನು ಗುರುವಿನ ಅಥವಾ ತಿಳಿದವರ ಮುಂದೆ ಬಿಚ್ಚಿ ಹೇಳಬೇಕು. ಬಿಚ್ಚಿ ಹೇಳು ಎಂದು ಮಗುವಿಗೆ ಹೇಳುವವರು ಕೇಳಿಸಿಕೊಳ್ಳುವ ಕಿವಿಯನ್ನೂ ಇಟ್ಟುಕೊಂಡಿರಬೇಕು. ಮಗುವಿನದೇ ತಪ್ಪನ್ನು ಕೇಳಿಸಿಕೊಳ್ಳಬೇಕೆಂದ ಮೇಲೆ, ಮಗುವಿಗಾದ ಅನ್ಯಾಯವನ್ನು ಎಷ್ಟು ಕೇಳಿಸಿಕೊಳ್ಳಬೇಕು!

ಅದಕ್ಕೆ ಕೆಲವು ಮಾತುಗಳನ್ನು ಬಾಯಿಬಿಟ್ಟು ಹೇಳಲೇಬೇಕು. ಮಕ್ಕಳಿಗೆ ಗೊತ್ತಿರುತ್ತದೆ ಎಂದು ಬಿಡಬಾರದು. ‘ಸೀಟಿಗಿಂತ ನೀನು ದೊಡ್ಡವಳು.’ ‘ಒಂದು ಸೆಮಿಸ್ಟರ್ ಹೋದರೆ ಹೋಗಲಿ.’ ‘ಅಲ್ಲಿ ಇರಲಾರೆ ಅನ್ನಿಸಿದ ದಿನ ರಾತ್ರಿ ಎಷ್ಟೇ ಹೊತ್ತಾಗಿರಲಿ ಫೋನ್ ಮಾಡು, ಬೆಳಿಗ್ಗೆಯ ರೈಲಿಗೆ ನಾವು ಹೊರಡುತ್ತೇವೆ.’ ಹೀಗೆ ಹೇಳಿದರೆ ಮಕ್ಕಳು ಓದು ಬಿಟ್ಟು ಓಡಿ ಬರುತ್ತಾರೆ ಎಂದು ಕೆಲವರು ಹೆದರುತ್ತಾರೆ. ಇಪ್ಪತ್ತು ವರ್ಷ ಮಕ್ಕಳ ನಡುವೆ ಇದ್ದು ನಾನು ಕಂಡದ್ದು ಬೇರೆ. ಹಿಂದೆ ಬಾಗಿಲು ತೆರೆದಿದೆ ಎಂದು ಗೊತ್ತಿರುವ ಮಗುವೇ ಮುಂದೆ ಧೈರ್ಯವಾಗಿ ನಡೆಯುತ್ತದೆ. ಮನೆಗೂ ಹೇಳಲಾಗದ ಸಂಕಟವಿದ್ದರೆ 14416ಕ್ಕೆ ಕರೆ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಉಚಿತವಾಗಿ ಆಪ್ತ ಸಮಾಲೋಚನೆ ಸಿಗುತ್ತದೆ ಎಂಬುದನ್ನೂ ತಿಳಿಸಿಡಿ.

ಹಾಗೆಂದು ದಿನಕ್ಕೆ ಹತ್ತು ಸಲ ಫೋನ್ ಮಾಡಿ ‘ಯಾರಾದ್ರೂ ಏನಾದ್ರೂ ಅಂದ್ರಾ?’ ಎಂದು ಕೆದಕುವುದೂ ಬೇಡ. ಜಗತ್ತಿನಲ್ಲಿ ಒಳ್ಳೆಯ ಗೆಳತಿಯರೂ ಇದ್ದಾರೆ, ಒಳ್ಳೆಯ ಮೇಷ್ಟ್ರುಗಳೂ ಇದ್ದಾರೆ. ಬಾಬಾಸಾಹೇಬರಿಗೆ ಬುದ್ಧ ಚರಿತ್ರೆಯ ಪುಸ್ತಕವನ್ನು ಮೊದಲು ಕೈಗಿತ್ತ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ನಮ್ಮ ಸಮುದಾಯದವರಲ್ಲ. ಅಂಥವರು ಎದುರಾದಾಗ ಗುರುತಿಸುವಷ್ಟು ಮಕ್ಕಳ ಮನಸ್ಸು ತೆರೆದಿರಲಿ. ಎಲ್ಲರನ್ನೂ ಸಂಶಯದಿಂದ ನೋಡಲು ಕಲಿಸಿದರೆ ಜಾತಿ ಹಾಕಿದ ಬೇಲಿಗೆ ನಾವೂ ಒಂದು ಸುತ್ತು ಹಾಕಿದಂತೆ.

ಇಂದಿನ ಅಭ್ಯಾಸ ಇಷ್ಟು. ಮನೆಯಲ್ಲಿ ಹೊರಡುವ ಮಗು ಇದ್ದರೆ ಊಟವಾದ ಮೇಲೆ ಅರ್ಧ ಗಂಟೆ ಜೊತೆಗೆ ಕುಳಿತುಕೊಳ್ಳಿ. ನಾಲ್ಕು ಬಗೆಯ ಪ್ರಶ್ನೆಗಳನ್ನು ವಿವರಿಸಿ. ಆಮೇಲೆ, ‘ಇಂಥ ಕಡೆ ನೀನಾದರೆ ಏನು ಹೇಳುತ್ತೀಯ?’ ಎಂದು ಕೇಳಿ. ಮಗುವಿನ ಉತ್ತರ ನಿಮ್ಮ ಉತ್ತರದಂತಿರದಿದ್ದರೆ ತಿದ್ದಲು ಆತುರಪಡಬೇಡಿ. ಅದು ಸುಳ್ಳಲ್ಲದಿದ್ದರೆ, ಅದರಿಂದ ಯಾರಿಗೂ ಕೇಡಿಲ್ಲದಿದ್ದರೆ, ಅದು ಅವಳ ಉತ್ತರ. ಹಾಗೆಯೇ ಇರಲಿ ಬಿಡಿ. ಕೊನೆಗೆ ನೀವು ಒಂದು ಮಾತು ಕೊಡಿ: “ಅಲ್ಲಿ ಏನೇ ಆದರೂ ನಮಗೆ ನಿಜ ಹೇಳು. ನಾವು ಬಯ್ಯುವುದಿಲ್ಲ.” ಕೊಟ್ಟ ಮೇಲೆ ಆ ಮಾತನ್ನು ನಡೆಸುವುದು ನಮ್ಮ ಪಾಲಿನ ಶೀಲ.

ದೂರ ಹೊರಟ ನಮ್ಮೆಲ್ಲ ಮಕ್ಕಳು ನಿರ್ಭಯರಾಗಿರಲಿ, ಪ್ರಜ್ಞಾವಂತರಾಗಲಿ, ಅವರಿಗೆ ಒಳ್ಳೆಯ ಸ್ನೇಹಿತರು ಸಿಗಲಿ.

ಭವತು ಸಬ್ಬ ಮಂಗಲಂ. ಜೈಭೀಮ್.